ದೃಷ್ಟಿಬೊಟ್ಟು

ಹಲ್ಲುಜ್ಜುವಾಗ, ಬಾಯಿತುಂಬ ನೊರೆ ಇರುವಾಗಲೇ, ಆ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ‘ಮೆಷಿನ್ ಅಲ್ವಾ, ಒಂದೊಂದ್ಸಲ ತಪ್ಪಾಗುತ್ತೆ.’ ನಿನ್ನೆ ಮಧ್ಯಾಹ್ನ ಆಸ್ಪತ್ರೆಯ ಲ್ಯಾಬಿನ ಕಿಂಡಿಯಲ್ಲಿ ನಿಂತು ಹಾಗೆ ಹೇಳಿದವಳು ಅವಳೇ. ಯಾರೂ ಕತ್ತು ಹಿಡಿದು ಹೇಳಿಸಿರಲಿಲ್ಲ. ಕಿಂಡಿಯ ಆಚೆ ಇದ್ದ ಹೆಂಗಸು ತನ್ನ ತಂಗಿಯ ಹಳೆಯ ಗಾಜಿನ ಸ್ಲೈಡು ಕೇಳಿಕೊಂಡು ಬಂದಿದ್ದಳು. ತಂಗಿ ಬಟ್ಟೆ ಹೊಲಿಯುವವಳು, ಮೂವತ್ತೆಂಟು ವಯಸ್ಸು. ಹನ್ನೊಂದು ತಿಂಗಳ ಹಿಂದೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಂಡಾಗ ಏನೂ ಇಲ್ಲವೆಂದು ಇದೇ ಲ್ಯಾಬು ಬರೆದುಕೊಟ್ಟಿತ್ತು. ಈಗ ಬೇರೆ ಆಸ್ಪತ್ರೆಯವರು ಕ್ಯಾನ್ಸರ್ ಎನ್ನುತ್ತಿದ್ದಾರೆ, ಹರಡಿಯೂ ಇದೆಯಂತೆ, ಹಳೆಯ ಗಾಜು ತಂದು ತೋರಿಸಿ ಎಂದಿದ್ದಾರೆ. ಇಷ್ಟನ್ನೂ ಆ ಹೆಂಗಸು ಬಸ್ಸಿನ ಹೊತ್ತು ವಿಚಾರಿಸುವವಳ ಹಾಗೆ ತಣ್ಣಗೆ ಹೇಳಿ, ಸ್ಲೈಡಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, ‘ಹೋದ್ವರ್ಷ ಯಾರಮ್ಮ ನೋಡಿದ್ದು ಇದನ್ನ?’ ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ಸಿಟ್ಟಿದ್ದಿದ್ದರೆ ನಿಜ ಹೊರಗೆ ಬೀಳುತ್ತಿತ್ತೋ ಏನೋ. ಇವಳು ಎಲ್ಲವನ್ನೂ ಮೆಷಿನ್ನಿನ ತಲೆಗೆ ಕಟ್ಟಿ ಕೈತೊಳೆದುಕೊಂಡಳು. ‘ಇರ್ಲಿ ಬಿಡಿ, ನೀವಾದ್ರೂ ಏನ್ಮಾಡ್ತೀರಿ ಪಾಪ,’ ಎಂದು ಆ ಹೆಂಗಸೇ ಇವಳಿಗೆ ಸಮಾಧಾನ ಹೇಳಿ ಹೋದಳು. ಆ ‘ಪಾಪ’ ನಿನ್ನೆಯಿಂದ ಬಿಟ್ಟಿಲ್ಲ, ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗುತ್ತಿಲ್ಲ. ಅನುಮಾನವಿದೆ, ಇಲ್ಲಿ ನೋಡು ಎಂದು ಗುರುತು ಹಾಕಿ ತೋರಿಸಿದ್ದು ಮೆಷಿನ್ನೇ. ಏನೂ ಇಲ್ಲ ಎಂದು ಒತ್ತಿ ಕಳಿಸಿದವಳು ಇವಳು.

ಗಂಡ ಬಾಗಿಲ ಹತ್ತಿರ ಕೂತು ಶೂ ಕಟ್ಟಿಕೊಳ್ಳುತ್ತಿದ್ದ. ಗ್ಯಾಸ್ ಆಫ್ ಮಾಡಿದೆನಾ ಎಂದು ಅವನನ್ನು ಕೇಳಿದಳು. ಮೂರನೆಯ ಸಲ ಕೇಳುತ್ತಿದ್ದೀಯ, ನಿನ್ನ ಕಣ್ಣೆದುರಿಗೇ ಇದೆಯಲ್ಲ ಒಲೆ ಎಂದು ಅವನು ನಕ್ಕ. ಒಲೆಯ ಗುಂಡಿ ನೇರವಾಗಿಯೇ ನಿಂತಿತ್ತು. ಅದನ್ನು ನೋಡಿದಳು, ಆದರೆ ನೋಡಿದೆ ಎನ್ನುವ ನಂಬಿಕೆ ಒಳಗೆ ಕೂರಲಿಲ್ಲ, ಹೋಗಿ ಬೆರಳಿನಿಂದ ಮುಟ್ಟಿ ಬಂದಳು. ಗಂಡ ನಗರದ ಬಸ್ಸು ಓಡಿಸುವವನು. ಹೊಸ ಬಸ್ಸುಗಳಿಗೆ ಎದುರು ಏನಾದರೂ ಬಂದರೆ ತಾನೇ ಬ್ರೇಕು ಹಾಕಿಕೊಳ್ಳುವ ವ್ಯವಸ್ಥೆ ಬಂದಿದೆ. ಬಂದ ಹೊಸದರಲ್ಲಿ ಅವನು ದಿನಾ ಸಂಜೆ ಅದನ್ನು ಬೈದದ್ದೇ ಬೈದದ್ದು, ಈಗ ಎತ್ತುವುದೇ ಇಲ್ಲ. ಇವತ್ತು ಇವಳೇ ಕೇಳಿದಳು, ಬ್ರೇಕು ಹಾಕಿದ್ದು ನೀವೋ ಬಸ್ಸೋ ಅಂತ ನಿಮಗೆ ಗೊತ್ತಾಗುತ್ತಾ ಎಂದು. ಅವನು ಲೇಸು ಬಿಗಿಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದ. ‘ಕಾಲು ಅಲ್ಲೇ ಇರುತ್ತೆ ಕಣೇ. ಗಾಡಿ ನಿಂತ್ಮೇಲೆ ನಾನೇ ಹಾಕಿದ್ದು ಅಂದ್ಕೋತೀನಿ.’ ಅವನಿಗೆ ಇದು ತಮಾಷೆ. ಇವಳಿಗೆ ಮೈಯೆಲ್ಲ ಬಿಸಿಯಾಯಿತು. ನಿನ್ನೆಯ ವಿಷಯ ಅವನಿಗೆ ಹೇಳಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಅವನು ಹೊತ್ತಾಯಿತೆಂದು ಮೆಟ್ಟಿಲು ಇಳಿದಿದ್ದ.

ರಸ್ತೆ ದಾಟುವಲ್ಲಿ ಹಸಿರು ದೀಪ ಹತ್ತಿತು, ದಾಟಿದಳು. ಆಚೆ ಸೇರಿದ ಮೇಲೆ, ಬಲಗಡೆಯಿಂದ ಗಾಡಿ ಬರುತ್ತಿತ್ತೋ ಇಲ್ಲವೋ ತಾನು ನೋಡಲೇ ಇಲ್ಲವಲ್ಲ ಎನಿಸಿ ಹೆದರಿ ತಿರುಗಿದಳು. ರಸ್ತೆ ಖಾಲಿ ಇತ್ತು. ಹಿಂದೆ ಹೀಗಿರಲಿಲ್ಲ. ಇಪ್ಪತ್ತಾರು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತವಳು. ಲ್ಯಾಬಿನಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅಕ್ಕ, ಬೆನ್ನ ಹಿಂದೆ ಹದ್ದಿನ ಕಣ್ಣು. ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಸಾವಿರಾರು ಜೀವಕೋಶಗಳ ನಡುವೆ ಕೆಟ್ಟದ್ದೊಂದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಕೆಟ್ಟದ್ದು ಕಾಣುವ ಒಂದು ಕ್ಷಣ ಮೊದಲೇ ಕುತ್ತಿಗೆಯ ಹಿಂದೆ ಸಣ್ಣಗೆ ಚುರುಗುಟ್ಟುತ್ತಿತ್ತು, ಅದು ಅವಳಿಗೆ ಮಾತ್ರ ಗೊತ್ತಿದ್ದ ಗುಟ್ಟು. ಈಗ ಲ್ಯಾಬಿನ ಮುಖ್ಯಸ್ಥರಾಗಿರುವ ಡಾಕ್ಟರು ಓದಲು ಬಂದಿದ್ದಾಗ ಅವರಿಗೆ ಗಾಜಿನ ಮೇಲೆ ಕಣ್ಣು ನಿಲ್ಲಿಸುವುದನ್ನು ಕಲಿಸಿದವಳೂ ಇವಳೇ. ಅವಸರ ಮಾಡಬೇಡಿ, ಗಾಜು ಎಲ್ಲಿಗೂ ಓಡಿಹೋಗಲ್ಲ ಎನ್ನುತ್ತಿದ್ದಳು. ಹಾಗೆ ಹೇಳುತ್ತಿದ್ದ ಹೆಂಗಸು ಯಾರೋ ದೂರದ ಸಂಬಂಧಿಕಳ ಹಾಗೆ ಕಾಣುತ್ತಾಳೆ ಈಗ.

ಮೂರು ವರ್ಷದ ಹಿಂದೆ ಮೆಷಿನ್ನು ಬಂತು. ಗಾಜಿನ ಚಿತ್ರ ತೆಗೆದು, ಅನುಮಾನವಿದ್ದ ಕಡೆ ಹಳದಿ ಉಂಗುರ ಹಾಕಿ ಪರದೆಗೆ ಕಳಿಸುತ್ತಿತ್ತು. ಆ ಉಂಗುರವನ್ನು ಲ್ಯಾಬಿನವರೆಲ್ಲ ಬಳೆ ಎಂದರು. ಅನುಮಾನ ಜೋರಾಗಿದ್ದರೆ ಗಟ್ಟಿ ಬಳೆ, ಇದ್ದರೂ ಇರಬಹುದು ಎನ್ನುವಂತಿದ್ದರೆ ತೆಳು ಬಳೆ, ಏನೂ ಇಲ್ಲದಿದ್ದರೆ ‘ಸಹಜ’ ಎಂದು ಬರೆದಿರುತ್ತಿತ್ತು. ಕೂತವರು ನೋಡಿ ‘ಒಪ್ಪಿದೆ’ ಅಥವಾ ‘ಒಪ್ಪಿಲ್ಲ’ ಒತ್ತಬೇಕು. ಮೊದಲ ಆರು ತಿಂಗಳು ಅವಳು ಅದರ ಜೊತೆ ಜಿದ್ದಿಗೆ ಬಿದ್ದಳು, ಮನೆಗೆ ಬಂದ ಹೊಸ ಸೊಸೆಯ ಮೇಲೆ ಕಣ್ಣಿಟ್ಟ ಅತ್ತೆಯ ಹಾಗೆ. ಒಪ್ಪಿಲ್ಲ ಎಂದದ್ದನ್ನೆಲ್ಲ ಡಾಕ್ಟರು ಮತ್ತೆ ನೋಡುತ್ತಿದ್ದರು, ನೋಡಿದಾಗಲೆಲ್ಲ ಮೆಷಿನ್ನೇ ಗೆಲ್ಲುತ್ತಿತ್ತು. ಒಂದೆರಡು ಸಲ ಇವಳು ಗೆದ್ದದ್ದುಂಟು. ಅದನ್ನು ಅವಳ ಹೊರತು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಆಮೇಲೆ ಸುಸ್ತಾಯಿತು. ಆ ಸುಸ್ತಿನಲ್ಲಿ ಒಂದು ಸುಖವೂ ಇತ್ತೆನ್ನುವುದನ್ನು ಅವಳು ಯಾರ ಹತ್ತಿರವೂ ಒಪ್ಪಿಕೊಂಡಿಲ್ಲ. ಇಪ್ಪತ್ತಾರು ವರ್ಷ ಎದೆಯ ಮೇಲಿದ್ದ ಭಾರವನ್ನು ಯಾರೋ ಎತ್ತಿಕೊಂಡರು, ಸಂಜೆ ಮನೆಗೆ ಹೋಗುವಾಗ ಇವತ್ತಿನ ಯಾವ ಗಾಜೂ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಕಣ್ಣು ಪರದೆಯ ಮೇಲೇ ಇರುತ್ತಿತ್ತು, ಬೆರಳು ಗುಂಡಿಯ ಮೇಲೇ ಇರುತ್ತಿತ್ತು, ಮನಸ್ಸು ಮಾತ್ರ ಮನೆಯ ನಲ್ಲಿ ಸೋರುವುದೋ ಚಪ್ಪಲಿ ಹರಿದದ್ದೋ ಇಂಥ ಯಾವುದರದೋ ಹಿಂದೆ ಹೋಗಿರುತ್ತಿತ್ತು. ಕುತ್ತಿಗೆಯ ಹಿಂದಿನ ಆ ಚುರುಕು ಯಾವತ್ತು ನಿಂತುಹೋಯಿತೋ ತಿಳಿಯಲೇ ಇಲ್ಲ.

ಅಲ್ಲಿಗೇ ನಿಂತಿದ್ದರೆ ಪರವಾಗಿರಲಿಲ್ಲ, ಒಪ್ಪಿದೆ ಒಪ್ಪಿದೆ ಎಂದು ಒತ್ತಿಕೊಂಡೇ ಇದ್ದಿದ್ದರೆ ಆ ಹೊಲಿಗೆಯವಳ ಗಾಜು ನೇರ ಡಾಕ್ಟರ ಮೇಜಿಗೆ ಹೋಗುತ್ತಿತ್ತು. ಆದರೆ ಒಂದೂವರೆ ವರ್ಷದ ಹಿಂದೆ ಗೋಡೆಯ ಮೇಲೆ ಒಂದು ಪಟ್ಟಿ ಬಂತು. ಯಾರು ಮೆಷಿನ್ನಿನ ಜೊತೆ ನೂರಕ್ಕೆ ಎಷ್ಟು ಸಲ ಒಪ್ಪಿದ್ದಾರೆ ಎನ್ನುವ ಲೆಕ್ಕ. ತೊಂಬತ್ತೆಂಟು ದಾಟಿದವರ ಸಾಲು ಕೆಂಪು. ಅಂಥವರು ನೋಡದೆ ಒತ್ತುತ್ತಿದ್ದಾರೆ ಎಂದು ಅರ್ಥವಂತೆ. ಮೊದಲ ತಿಂಗಳೇ ಅವಳ ಸಾಲು ಕೆಂಪಾಯಿತು. ಹದ್ದಿನ ಕಣ್ಣು ಹೋಗಿ ಕೋಲೆಬಸವ ಆಯಿತಲ್ಲ ಎಂದು ಮೂಲೆಯ ಮೇಜಿನವನೊಬ್ಬ ನಕ್ಕದ್ದು ಅವಳ ಕಿವಿಗೆ ಬಿತ್ತು. ಮಾರನೆಯ ದಿನ ಅವಳು ಏನೂ ತೊಂದರೆಯಿಲ್ಲದ ಒಂದು ಗಾಜಿಗೆ ಬೇಕೆಂದೇ ‘ಒಪ್ಪಿಲ್ಲ’ ಒತ್ತಿದಳು. ಪಕ್ಕದ ಮೇಜಿನ, ಎಲ್ಲರೂ ಗಿಣಿ ಎಂದು ಕರೆಯುವ ಹುಡುಗಿ ಅದನ್ನು ಕಂಡು ಏನಕ್ಕ ಇದು ಎಂದಾಗ, ಇವಳ ಬಾಯಿಂದ ಬಂತು: ‘ದೃಷ್ಟಿಬೊಟ್ಟು ಕಣೇ.’ ಚೆಂದದ ಮಗುವಿನ ಕೆನ್ನೆಗೆ ಕಣ್ಣು ತಾಗದಿರಲೆಂದು ಇಡುವ ಕಪ್ಪು ಚುಕ್ಕೆ; ಲೆಕ್ಕ ತೀರಾ ಚೆಂದವಾಗಬಾರದು, ಅಲ್ಲಿಷ್ಟು ಇಲ್ಲಿಷ್ಟು ಕೆಡಿಸಬೇಕು. ಸದಾ ಮಾತಾಡುತ್ತಲೇ ಇರುವ ಗಿಣಿ ನಗು ತಡೆಯಲಾರದೆ ಮೇಜಿಗೆ ತಲೆಯಿಟ್ಟಳು. ಸಂಜೆಯೊಳಗೆ ನಾಲ್ಕೂ ಮೇಜಿಗೆ ಆ ಹೆಸರು ಹಬ್ಬಿತ್ತು. ಹೆಸರಿಟ್ಟಮೇಲೆ ಆ ಕೆಲಸ ಎಲ್ಲರಿಗೂ ಸಲೀಸಾಯಿತು. ಇವತ್ತು ನಿನ್ನದು ಬೊಟ್ಟಾಯಿತಾ ಎಂದು ಟೀ ಕುಡಿಯುವಾಗ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಮೊದಮೊದಲು ಬೊಟ್ಟು ಇಡುತ್ತಿದ್ದದ್ದು ‘ಸಹಜ’ ಎಂದಿದ್ದ ಗಾಜುಗಳಿಗೆ. ಅದರಿಂದ ಯಾರಿಗೂ ಕೆಡುಕಿಲ್ಲ, ಡಾಕ್ಟರು ಇನ್ನೊಮ್ಮೆ ನೋಡಿ ಏನೂ ಇಲ್ಲವೆಂದು ಕಳಿಸುತ್ತಾರೆ ಅಷ್ಟೆ. ಆದರೆ ಒಂದು ದಿನ ಡಾಕ್ಟರು ಅವಳನ್ನು ಕರೆದು, ಎಲ್ಲರೂ ನೋಡುತ್ತಿರುವಾಗಲೇ, ‘ಇದ್ರಲ್ಲಿ ಏನು ಕಾಣ್ತು ನಿಮಗೆ, ತೋರ್ಸಿ ನೋಡೋಣ,’ ಎಂದರು. ತಾನು ಕಣ್ಣಿಡಲು ಕಲಿಸಿದ ಹುಡುಗನ ಮುಂದೆ ಅವಳು ಮೈಕ್ರೋಸ್ಕೋಪಿಗೆ ಬಗ್ಗಿ, ಇಲ್ಲದ್ದನ್ನು ಹುಡುಕುತ್ತ ಹುಡುಕುತ್ತ ನಿಂತಳು. ಕಿವಿ ಕೆಂಡವಾಗಿತ್ತು. ವಯಸ್ಸಾಯಿತು ಪಾಪ ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದಾರೆ ಎನಿಸಿತು. ಎನಿಸಿದ್ದೇನು, ಅಂದುಕೊಂಡೇ ಇದ್ದರು. ಆವತ್ತಿನಿಂದ ಬೊಟ್ಟಿನ ಜಾಗ ಬದಲಾಯಿತು. ತೆಳು ಬಳೆಯ ಗಾಜುಗಳಲ್ಲಿ ನೂರಕ್ಕೆ ತೊಂಬತ್ತೈದರಲ್ಲಿ ಏನೂ ಇರುವುದಿಲ್ಲ, ಅನುಭವಸ್ಥರು ಅದಕ್ಕೆ ‘ಒಪ್ಪಿಲ್ಲ’ ಎಂದರೆ ಡಾಕ್ಟರ ತನಕ ಹೋಗದೆ ಅಲ್ಲಿಗೇ ಮುಗಿಯುತ್ತದೆ. ಮೊದಮೊದಲು ಇಲ್ಲದ, ಹಿರಿಯರಿಗೆಂದು ಆಮೇಲೆ ಮರ್ಯಾದೆಯಿಂದ ಕೊಟ್ಟ ಅಧಿಕಾರ ಅದು. ದಿನ ಬಿಟ್ಟು ದಿನ ಒಂದು ತೆಳು ಬಳೆ ಒಡೆದರೆ ಸಾಲು ಕಪ್ಪಾಗಿಯೇ ಇರುತ್ತಿತ್ತು, ಯಾರೂ ಕರೆದು ಕೇಳುತ್ತಿರಲಿಲ್ಲ. ಉಳಿದ ಐದರ ಮಾತು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಿಯೇ ಒತ್ತುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಲ್ಯಾಬಿಗೆ ಬಂದವಳೇ ಕೋಟು ಕೂಡ ಹಾಕಿಕೊಳ್ಳದೆ ಆ ಹೊಲಿಗೆಯವಳ ದಾಖಲೆ ತೆರೆದಳು. ನಿನ್ನೆಯಿಂದ ಇದು ಏಳನೆಯ ಸಲ. ಒಂದು ಮಂಗಳವಾರ, ಹನ್ನೆರಡು ಗಂಟೆ ಹತ್ತು ನಿಮಿಷ. ಗಾಜು ಪರದೆಯ ಮೇಲಿದ್ದದ್ದು ನಾಲ್ಕು ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ಹದ್ದಿನ ಕಣ್ಣಿಗೆ ಬೇಕಾದಷ್ಟು ಕಾಣುತ್ತದೆ, ಕಂಡಿರಲೂಬಹುದು ಎಂದು ಮನಸ್ಸಿನ ಒಂದು ಮೂಲೆ ವಕೀಲಿಕೆ ಶುರು ಮಾಡಿತು. ಆ ಮಂಗಳವಾರವನ್ನು ನೆನಪಿಗೆ ಎಳೆಯಲು ನೋಡಿದಳು. ಅಂದು ಯಾವ ಬಟ್ಟೆ ಉಟ್ಟಿದ್ದೆ, ಗಿಣಿ ಏನು ಹರಟುತ್ತಿದ್ದಳು, ಹಸಿವಾಗಿತ್ತೇ. ಬಾವಿಗೆ ಕೊಡ ಇಳಿಸಿ ಬರಿದೇ ಎತ್ತಿದ ಹಾಗಾಯಿತು. ಆ ಬಳೆಯೊಳಗೆ ಇವತ್ತು ಯಾರು ನೋಡಿದರೂ ಕಾಣುವ, ಮಸಿ ಬಿದ್ದಂತೆ ಕಪ್ಪಾಗಿ ಊದಿದ ನಾಲ್ಕೈದು ಜೀವಕೋಶಗಳಿವೆ. ನೋಡಿಯೂ ತಪ್ಪು ತಿಳಿದಿದ್ದರೆ ಅದು ಕಣ್ಣಿನ ತಪ್ಪು, ಬದುಕಬಹುದು. ಅಂದಿನ ಲೆಕ್ಕಕ್ಕೆ ಒಂದು ಬೊಟ್ಟು ಬೇಕಾಗಿತ್ತು, ಊಟದ ಹೊತ್ತಾಗಿತ್ತು, ಕೈಗೆ ಸಿಕ್ಕಿದ ತೆಳು ಬಳೆ ಇದಾಗಿತ್ತು ಎಂದಾದರೆ? ದಾಖಲೆ ಮುಚ್ಚಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು.

ಅಲ್ಲಿಗೆ ಗಿಣಿ ಹಿಂದೆಯೇ ಬಂದಳು. ಬೇರೆ ಆಸ್ಪತ್ರೆಯಿಂದ ಡಾಕ್ಟರಿಗೆ ಪತ್ರ ಬಂದಿರುವುದು, ಹನ್ನೊಂದಕ್ಕೆ ಅಕ್ಕನನ್ನು ಕರೆದಿರುವುದು ಅವಳಿಗೆ ಆಗಲೇ ಗೊತ್ತಾಗಿತ್ತು. ಡಾಕ್ಟರು ನಿಮ್ಮ ಪರವಾಗಿಯೇ ಇದ್ದಾರೆ, ಪತ್ರಕ್ಕೆ ಉತ್ತರವೂ ಸಿದ್ಧ ಮಾಡಿದ್ದಾರೆ, ಹಿರಿಯರ ಅಭಿಪ್ರಾಯ ಬೇರೆಯಾಗಿತ್ತು ಎಂದು ಬರೆದು ಮುಗಿಸುತ್ತಾರೆ ಎಂದು ಒಂದೇ ಉಸಿರಿಗೆ ಒದರಿದಳು. ಆಮೇಲೆ ನಲ್ಲಿಯ ಕಡೆ ನೋಡುತ್ತ, ‘ಬೊಟ್ಟಿನ ವಿಷ್ಯ ಎತ್ತಬೇಡಿ ಅಕ್ಕ. ನಿಮ್ಮೊಬ್ಬರದಲ್ಲ ಅದು,’ ಎಂದಳು. ಇವಳು ತಲೆಯಾಡಿಸಿದಳು. ಯಾವುದಕ್ಕೆ ತಲೆಯಾಡಿಸಿದೆ ಎಂದು ಅವಳಿಗೇ ತಿಳಿಯಲಿಲ್ಲ. ಇತ್ತೀಚೆಗೆ ಅವಳ ತಲೆ ತಾನಾಗಿಯೇ ಆಡುತ್ತಿತ್ತು.

ಡಾಕ್ಟರು ಎದ್ದು ನಿಂತು ಕುರ್ಚಿ ತೋರಿಸಿದರು. ಅವರ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಹಿಂಸೆಯಾಯಿತು. ಇಂಥದ್ದು ಎಲ್ಲ ಲ್ಯಾಬಿನಲ್ಲೂ ಆಗುತ್ತದೆ, ಬಳೆಯೂ ತೆಳುವಾಗಿತ್ತು, ತಾನೇ ಆಗಿದ್ದರೂ ಹಾಗೇ ಹೇಳುತ್ತಿದ್ದೆನೇನೋ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದೆಲ್ಲ ಹೇಳಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ಗಾಜನ್ನು ಪರಿಶೀಲಿಸಿದೆ, ನನ್ನ ಅನುಭವದಂತೆ ಸಹಜವೆಂದು ಕಂಡಿತು ಎನ್ನುವ ಒಂದೇ ಸಾಲು, ಕೆಳಗೆ ಸಹಿಗೆ ಜಾಗ. ಹಾಳೆಯನ್ನು ಅವಳ ಕಡೆ ತಿರುಗಿಸಿ, ಮೇಲೆ ಪೆನ್ನು ಇಟ್ಟು, ಅವರು ಕಿಟಕಿಯ ಕಡೆ ನೋಡಿದರು. ಸಹಿ ಹಾಕಿದರೆ ಮುಗಿಯುತ್ತದೆ. ಅವಳ ಕೈ ಪೆನ್ನು ಎತ್ತಿಕೊಂಡೂ ಆಗಿತ್ತು. ಆ ಕೈಯನ್ನು ನೋಡಿ ಅವಳಿಗೆ ದಿಗಿಲಾಯಿತು. ನಾಲ್ಕು ಸೆಕೆಂಡು ಕೂಡ ತೆಗೆದುಕೊಳ್ಳಲಿಲ್ಲವಲ್ಲ ಇದು! ಈ ಸಾಲು ನಿಜವಾಗಿಬಿಟ್ಟರೆ ಬಾಕಿ ಗಾಜುಗಳನ್ನೂ ತಾನು ಪರಿಶೀಲಿಸಿದೆ ಎಂದಾಗುತ್ತದೆ. ಒಂದೂವರೆ ವರ್ಷದ ಅಷ್ಟೂ ತೆಳು ಬಳೆಗಳು. ಏನೂ ಇಲ್ಲ ಎಂಬ ಕಾಗದವನ್ನು ಮನೆಯ ಕಪಾಟಿನಲ್ಲಿಟ್ಟು ನೆಮ್ಮದಿಯಾಗಿ ಓಡಾಡಿಕೊಂಡಿರುವ ಅಷ್ಟೂ ಹೆಂಗಸರು.

‘ನಾನು ನೋಡ್ಲಿಲ್ಲ,’ ಎಂದಳು.

ಡಾಕ್ಟರು ತಿರುಗಿದರು. ಸರಿಯಾಗಿ ಕಾಣಲಿಲ್ಲವಾ ಎಂದು ಕೇಳಿದರು. ಇಲ್ಲ, ನೋಡಲೇ ಇಲ್ಲ ಎಂದಳು. ಹೇಳತೊಡಗಿದ ಮೇಲೆ ಎಲ್ಲ ತಡಬಡ ಬಂತು, ಗೋಡೆಯ ಪಟ್ಟಿ, ಕೆಂಪು ಸಾಲು, ಬೊಟ್ಟು. ಹೆಸರಿಟ್ಟವಳು ತಾನೇ ಎನ್ನುವುದನ್ನೂ ಹೇಳಿದಳು. ಬೇರೆಯವರು ಇಟ್ಟಿದ್ದಾರಾ ಎಂದು ಅವರು ಕೇಳಲಿಲ್ಲ, ಆದರೆ ಅವರ ಮುಖ ನೋಡಿದರೆ ಕೇಳುವ ಅಗತ್ಯವಿರಲಿಲ್ಲ. ಕನ್ನಡಕ ಒರೆಸುತ್ತ, ಗೋಡೆಯ ಮೇಲಿನ ಆ ಪಟ್ಟಿ ಹಾಕಿಸಿದ್ದು ತಾನೇ ಎಂದು ಮೆಲ್ಲಗೆ ಅಂದರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಅವಳ ಲೆಕ್ಕ ತೆಗೆಸಿದರು. ಅವಳು ಒಡೆದ ತೆಳು ಬಳೆಗಳು ನೂರಾ ಎಂಬತ್ತೇಳು. ಇದರಲ್ಲಿ ನಿಜವಾಗಿ ನೋಡಿ ಹೇಳಿದ್ದು ಯಾವುದು, ಬೊಟ್ಟು ಯಾವುದು ಎಂದು ಗುರುತು ಮಾಡಿಕೊಡಿ, ಅಷ್ಟನ್ನೇ ಮತ್ತೆ ನೋಡಿಸೋಣ ಎಂದರು. ಮುದ್ರಿಸಿದ ಆ ಲೆಕ್ಕದ ಪಟ್ಟಿ ಎಳೆದುಕೊಂಡು ಮೊದಲ ಸಂಖ್ಯೆಯ ಮೇಲೆ ಬೆರಳಿಟ್ಟಳು, ಎರಡನೆಯದರ ಮೇಲೆ ಇಟ್ಟಳು. ಒಂದೂ ನೆನಪಿರಲಿಲ್ಲ. ನೋಡಿದ್ದಕ್ಕೂ ನೋಡದ್ದಕ್ಕೂ ಅವಳೊಳಗೆ ಒಂದಿಷ್ಟೂ ವ್ಯತ್ಯಾಸ ಉಳಿದಿರಲಿಲ್ಲ. ನಾಚಿಕೆಯಿಂದ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ಹಾಗಾದರೆ ಎಲ್ಲರನ್ನೂ ಕರೆಸಬೇಕು ಎಂದು ಡಾಕ್ಟರಿಗೆ ಹೇಳಿದಳು.

‘ಅಕ್ಕ, ಜಾಸ್ತಿ ಅಂದ್ರೆ ಒಂಬತ್ತು ಜನರಿಗೆ ಇರಬಹುದು. ಅದಕ್ಕೋಸ್ಕರ ಅಷ್ಟೂ ಜನರನ್ನ ಹೆದರಿಸೋದಾ?’

‘ಆ ಒಂಬತ್ತು ಯಾರು ಅಂತ ಹೇಳಿ ಡಾಕ್ಟ್ರೇ. ಮಿಕ್ಕವರ ತಂಟೆಗೆ ಹೋಗಲ್ಲ.’

ಗಾಜುಗಳನ್ನೆಲ್ಲ ಹೊರಗಿನವರಿಂದ ಓದಿಸುವುದೆಂದೂ, ಹೆಂಗಸರನ್ನೂ ಮತ್ತೊಮ್ಮೆ ಪರೀಕ್ಷೆಗೆ ಕರೆಸುವುದೆಂದೂ ಕೊನೆಗೆ ಡಾಕ್ಟರು ಒಪ್ಪಿದರು. ಮೆಷಿನ್ನಿನ ತಾಂತ್ರಿಕ ಕಾರಣದಿಂದ ಎಂದು ಪತ್ರ ಬರೆದರೆ ಯಾರಿಗೂ ನೋವಾಗುವುದಿಲ್ಲ ಎಂದು ಒಂದು ದಾರಿಯನ್ನೂ ತೋರಿಸಿದರು. ಆ ದಾರಿಯನ್ನು ಅವಳು ನಿನ್ನೆಯೇ ತುಳಿದು ನೋಡಿದ್ದಳು. ಪತ್ರ ಬಂದರೆ ಅರ್ಧ ಜನ ಒಡೆದೂ ನೋಡುವುದಿಲ್ಲ, ನಾನೇ ಫೋನು ಮಾಡುತ್ತೇನೆ ಎಂದಳು. ಏನು ಹೇಳುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಪಟ್ಟಿಯನ್ನು ಮಡಿಸಿ ಕೈಗೆ ತೆಗೆದುಕೊಂಡಳು. ಪರದೆಯ ಕೆಲಸದಿಂದ ಇವತ್ತಿನಿಂದಲೇ ಅವಳನ್ನು ಬಿಡಿಸಬೇಕಾಗುತ್ತದೆ ಎಂದು ಅವರು ನೆಲ ನೋಡುತ್ತ ಹೇಳಿದರು. ಹೂಂ ಎಂದಳು.

ಪಟ್ಟಿ ಹಿಡಿದು ಹೊರಗೆ ಬಂದಾಗ ಮೇಜಿನವರೆಲ್ಲ ತಲೆಯೆತ್ತಿ ನೋಡಿದರು. ಗಿಣಿ ಇವಳ ಮುಖ ನೋಡಿ ಎಲ್ಲ ತಿಳಿದುಕೊಂಡು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಮೇಲೆ ಕೋಪ ಬರಲಿಲ್ಲ. ತಾನು ಬಿಟ್ಟ ಒಂದು ಮಾತು ಗಿಣಿಯ ಕೈಯಲ್ಲಿ ಎಷ್ಟು ಬಳೆ ಒಡೆಸಿದೆಯೋ ಎಂದುಕೊಂಡಳು. ಸ್ಲೈಡುಗಳನ್ನಿಡುವ ಹಿಂದಿನ ಕೋಣೆಯಲ್ಲಿ ಒಂದು ಫೋನಿತ್ತು. ಸ್ಟೂಲಿನ ಮೇಲೆ ಕೂತು, ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡು, ಮೊದಲ ಹೆಂಗಸಿನ ಫೋನ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಬಾಯಲ್ಲಿ ಹೇಳಿಕೊಂಡು ಒತ್ತಿದಳು. ಒತ್ತಿದ್ದು ಸರಿಯಾಗಿದೆಯೇ ಎಂದು ಇನ್ನೊಮ್ಮೆ ಪಟ್ಟಿ ನೋಡಿದಳು. ವಯಸ್ಸು ನಲವತ್ತನಾಲ್ಕು ಎಂದಿತ್ತು. ಆ ಕಡೆ ಪಾತ್ರೆ ತೊಳೆಯುವ ಸದ್ದು, ಹಿಂದೆ ಯಾರೋ ರೇಡಿಯೋ ಹಚ್ಚಿದ್ದರು. ಎತ್ತಿಕೊಂಡ ಹೆಂಗಸಿಗೆ ಲ್ಯಾಬು ಎಂದ ಕೂಡಲೇ ನೆನಪಾಯಿತು. ಏನೂ ಇಲ್ಲ ಅಂತ ನೀವೇ ಬರೆದುಕೊಟ್ಟಿದ್ದಿರಲ್ಲ ಎಂದು ನಕ್ಕಳು. ಇನ್ನೊಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು, ಇದೇ ವಾರ ಬರಬೇಕು ಎಂದು ಇವಳು ಹೇಳಿದಳು. ಪಾತ್ರೆಯ ಸದ್ದು ನಿಂತಿತು.

‘ಯಾಕೆ? ಮೆಷಿನ್ ಏನಾದ್ರೂ ತಪ್ಪು ಮಾಡ್ತಾ?’

‘ಇಲ್ಲಮ್ಮ. ಮೆಷಿನ್ ಸರಿಯಾಗೇ ತೋರಿಸಿತ್ತು. ನೋಡ್ಬೇಕಾಗಿದ್ದವಳು ನಾನು. ನೋಡ್ಲಿಲ್ಲ.’

ಆ ಕಡೆಯವಳು ನಲ್ಲಿ ನಿಲ್ಲಿಸಿದಳು. ಯಾರಿಗೋ ರೇಡಿಯೋ ಆರಿಸಲು ಹೇಳಿದ್ದು ಕೇಳಿಸಿತು. ಬೈಯುತ್ತಾಳೆಂದು ಇವಳು ಕಣ್ಣುಮುಚ್ಚಿ ಕಾದಳು, ಬೈದರೆ ಒಳ್ಳೆಯದಿತ್ತು. ಆ ಹೆಂಗಸು ಬುಧವಾರ ಬರುತ್ತೇನೆ ಎಂದಳು, ಎಷ್ಟು ಹೊತ್ತಿಗೆ ಬರಬೇಕು, ಏನಾದರೂ ತಿಂದು ಬರಬಹುದಾ ಎಂದೆಲ್ಲ ವಿಚಾರಿಸಿದಳು. ಎಲ್ಲ ಕೇಳಿ ಆದಮೇಲೆ, ದನಿ ತಗ್ಗಿಸಿ, ಕೇಳಿದರೆ ತಪ್ಪಾಗುತ್ತೇನೋ ಎನ್ನುವ ಸಂಕೋಚದಲ್ಲಿ ಕೇಳಿದಳು: ‘ಈ ಸಲಾನೂ ನೀವೇ ನೋಡ್ತೀರಾ?’

‘ಇಲ್ಲಮ್ಮ, ಬೇರೆಯವರು.’

‘ಸದ್ಯ,’ ಎಂದಳು ಆಕೆ.

ಇವಳು ಪಟ್ಟಿಯಲ್ಲಿ ಆ ಸಂಖ್ಯೆಯ ಮುಂದೆ ಬುಧವಾರ ಎಂದು ಬರೆದುಕೊಂಡು, ಎರಡನೆಯ ಸಂಖ್ಯೆಯ ಕೆಳಗೆ ಬೆರಳಿಟ್ಟುಕೊಂಡಳು.